ಚಂಡಮಾರುತ ಕಳೆದ ಮರುದಿನ

ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದು ಚೆನ್ನೈ ನಗರದಲ್ಲಿ ನೆಲೆಸಿದ ಕನ್ನಡಿಗರಿಗೆ ಮಳೆ ಹೊಸದಲ್ಲ, ಹೊಸದಾದದ್ದು ಗಾಳಿ. ಆಗುಂಬೆಯ ಮಳೆ ತಿಂಗಳುಗಟ್ಟಲೆ ಸುರಿದರೂ ಅದಕ್ಕೊಂದು ಕಾಲಕ್ರಮವಿದೆ. ಆ ಕ್ರಮಕ್ಕೆ ತಕ್ಕಂತೆ ಮನೆಯ ಮಾಡು ಇಳಿಜಾರಾಗಿರುತ್ತದೆ, ಸೌದೆ ಒಣಗಿ ಕೊಟ್ಟಿಗೆ ಸೇರಿರುತ್ತದೆ, ಹಪ್ಪಳ ಸಂಡಿಗೆಗಳು ಡಬ್ಬ ತುಂಬಿರುತ್ತವೆ. ಬಂಗಾಳ ಕೊಲ್ಲಿಯಿಂದೇಳುವ ಚಂಡಮಾರುತಕ್ಕೆ ಅಂಥ ನಿಯಮವೇನೂ ಇಲ್ಲ. ದೀಪಾವಳಿಯ ಎಣ್ಣೆಸ್ನಾನಕ್ಕೂ ಧನುರ್ಮಾಸದ ಹುಗ್ಗಿಗೂ ನಡುವಣ ಯಾವ ದಿನದಲ್ಲಾದರೂ ಅದು ಬರಬಹುದು. ನಾಲ್ಕಾರು ವರ್ಷ ಬಾರದೆಯೂ ಇರಬಹುದು. ಬಾರದಿದ್ದ ಆ ವರ್ಷಗಳಲ್ಲಿ ಜನ ಎಲ್ಲವನ್ನೂ ಮರೆಯುತ್ತಾರೆ ಎಂಬುದೇ ತೊಡಕು.

೨೦೧೬ನೆಯ ಇಸವಿಯ ಡಿಸೆಂಬರ್ ೧೨ರಂದು, ಸೋಮವಾರ, ‘ವರ್ದಾ’ ಎಂಬ ಚಂಡಮಾರುತ ಚೆನ್ನೈ ನಗರವನ್ನೇ ಹಾದು ಹೋಯಿತು. ಗಾಳಿಯ ವೇಗ ಗಂಟೆಗೆ ನೂರು ಕಿಲೋಮೀಟರನ್ನು ಮೀರಿತ್ತು. ಸಾವಿರಾರು ಮರಗಳು ಬುಡಮೇಲಾದವು. ವಿದ್ಯುತ್ ಕಂಬಗಳು ಮುರಿದುಬಿದ್ದವು. ಹಲವು ಬಡಾವಣೆಗಳಿಗೆ ದಿನಗಟ್ಟಲೆ ದೀಪವಿಲ್ಲ, ದೂರವಾಣಿಯಿಲ್ಲ. ಅದೂ ಎಂಥ ಹೊತ್ತಿನಲ್ಲಿ! ಐನೂರು, ಸಾವಿರ ರೂಪಾಯಿಗಳ ಹಳೆಯ ನೋಟುಗಳು ರದ್ದಾಗಿ ಐದು ವಾರವೂ ತುಂಬಿರಲಿಲ್ಲ. ಕೈಯಲ್ಲಿ ನಗದು ಹಣವಿಲ್ಲ. ಕಾರ್ಡು ಉಜ್ಜುವ ಯಂತ್ರಕ್ಕೆ ವಿದ್ಯುತ್ತಿಲ್ಲ. ಬ್ಯಾಂಕಿನಲ್ಲಿ ಲಕ್ಷಗಳಿದ್ದವರೂ ಹಾಲಿನ ಪೊಟ್ಟಣಕ್ಕೆ ಪರದಾಡಿದ ದಿನಗಳವು. ಅದರ ಹಿಂದಿನ ಡಿಸೆಂಬರಿನಲ್ಲಿ, ಅಂದರೆ ೨೦೧೫ರಲ್ಲಿ, ಅಡ್ಯಾರ್ ನದಿ ಉಕ್ಕಿ ಮನೆಗಳಿಗೆ ನುಗ್ಗಿದ್ದನ್ನು ಕಂಡವರು ನೀರಿಗೆ ಸಿದ್ಧರಾಗಿದ್ದರು. ಈ ಸಲ ಬಂದದ್ದು ಗಾಳಿ.

ಚಂಡಮಾರುತದ ಹುಟ್ಟಿನಲ್ಲಿ ನಿಗೂಢವಾದದ್ದೇನೂ ಇಲ್ಲ. ಕಡಲಿನ ಮೇಲ್ಪದರದ ನೀರು ಸುಮಾರು ಇಪ್ಪತ್ತಾರೂವರೆ ಡಿಗ್ರಿ ಸೆಲ್ಸಿಯಸ್ಸಿಗಿಂತ ಬೆಚ್ಚಗಿದ್ದು, ಮೇಲಿನ ಗಾಳಿ ಅನುಕೂಲವಾಗಿದ್ದರೆ, ಏಳುವ ಆವಿ ತಣಿದು ಮೋಡವಾಗುವಾಗ ಬಿಟ್ಟುಕೊಡುವ ಶಾಖವೇ ಸುಳಿಗೆ ಇಂಧನವಾಗುತ್ತದೆ. ಉತ್ತರಾರ್ಧ ಗೋಳದಲ್ಲಿ ಈ ಸುಳಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ. ನೆಲವನ್ನು ಮುಟ್ಟಿದೊಡನೆ ಇಂಧನ ತಪ್ಪಿ ಕುಗ್ಗುತ್ತದೆ. ಅಮೆರಿಕದವರು ಹರಿಕೇನ್ ಎನ್ನುವುದೂ, ಜಪಾನಿನವರು ಟೈಫೂನ್ ಎನ್ನುವುದೂ ಇದನ್ನೇ. ‘ಸೈಕ್ಲೋನ್’ ಎಂಬ ಶಬ್ದ ಮಾತ್ರ ಹುಟ್ಟಿದ್ದು ಭಾರತದಲ್ಲಿ; ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್ ಎಂಬಾತ ಹಾವಿನ ಸುರುಳಿಯನ್ನು ನೆನೆದು ಗ್ರೀಕ್ ಭಾಷೆಯಿಂದ ಅದನ್ನು ರಚಿಸಿದನು.

ಸುರುಳಿಯ ನಡುವೆ ಗಾಳಿಯಿಲ್ಲದ ಒಂದು ‘ಕಣ್ಣು’ ಇರುತ್ತದೆ. ಅದು ಊರ ಮೇಲೆ ಹಾಯುವಾಗ ಎಲ್ಲವೂ ಸ್ತಬ್ಧವಾಗುತ್ತದೆ. ಮುಗಿಯಿತೆಂದು ಬಗೆದು ಜನ ಬಾಗಿಲು ತೆರೆದು ಬೀದಿಗಿಳಿಯುತ್ತಾರೆ. ಸ್ವಲ್ಪ ಹೊತ್ತಿನಲ್ಲಿಯೇ ಎದುರು ದಿಕ್ಕಿನಿಂದ ಅಷ್ಟೇ ರಭಸದ ಗಾಳಿ ಬೀಸತೊಡಗುತ್ತದೆ. ಆ ತನಕ ಒಂದು ಕಡೆಗೆ ವಾಲಿದ್ದ ಮರ ಇನ್ನೊಂದು ಕಡೆಗೆ ಉರುಳುತ್ತದೆ. ಹವಾಮಾನ ಇಲಾಖೆ ‘ಹಾದುಹೋಯಿತು’ ಎಂದು ಹೇಳುವವರೆಗೆ ಹೊರಬಾರದಿರುವುದೇ ಕ್ಷೇಮ.

ಗಾಳಿಯಿಂದ ನೇರವಾಗಿ ಸಾಯುವವರ ಸಂಖ್ಯೆ ಈಚಿನ ದಶಕಗಳಲ್ಲಿ ಬಹಳ ಇಳಿದಿದೆ. ಇದು ಹೆಮ್ಮೆಪಡಬೇಕಾದ ಸಂಗತಿ. ೧೯೭೭ರ ನವೆಂಬರಿನಲ್ಲಿ ಆಂಧ್ರದ ದಿವಿಸೀಮೆಯಲ್ಲಿ ಕಡಲುಬ್ಬರ ಹತ್ತು ಸಾವಿರದಷ್ಟು ಜನರನ್ನು ನುಂಗಿತು. ೧೯೯೯ರ ಅಕ್ಟೋಬರಿನಲ್ಲಿ ಒಡಿಶಾದಲ್ಲಿ ಸತ್ತವರ ಸಂಖ್ಯೆಯೂ ಅದರ ಸಮೀಪಕ್ಕೆ ಬಂದಿತ್ತು. ಅದೇ ಒಡಿಶಾದ ತೀರಕ್ಕೆ ೨೦೧೩ರಲ್ಲಿ ‘ಫಾಯ್ಲಿನ್’ ಅಪ್ಪಳಿಸಿದಾಗ ಸರ್ಕಾರ ಮುಂಚಿತವಾಗಿಯೇ ಲಕ್ಷೋಪಲಕ್ಷ ಜನರನ್ನು ಸ್ಥಳಾಂತರಿಸಿತ್ತು. ಮಡಿದವರು ಕೆಲವು ಹತ್ತುಗಳಷ್ಟೇ. ಉಪಗ್ರಹ, ರಾಡಾರ್, ಕಾಂಕ್ರೀಟಿನ ಆಶ್ರಯಧಾಮ ಇವೆಲ್ಲ ಸೇರಿ ಮಾಡಿದ ಪವಾಡವಿದು.

ಆದರೆ ಅಪಾಯ ಇಲ್ಲವಾಗಲಿಲ್ಲ, ಮುಂದಕ್ಕೆ ಸರಿಯಿತು. ಇದಕ್ಕೆ ಎಲ್ಲಕ್ಕಿಂತ ಕಣ್ತೆರೆಸುವ ಸಾಕ್ಷ್ಯ ದೂರದ ಪೋರ್ಟೊ ರಿಕೊ ದ್ವೀಪದ್ದು. ೨೦೧೭ರ ಸೆಪ್ಟೆಂಬರಿನಲ್ಲಿ ‘ಮರಿಯಾ’ ಎಂಬ ಹರಿಕೇನ್ ಅಲ್ಲಿಗೆ ಬಡಿದಾಗ ಸತ್ತವರು ೬೪ ಮಂದಿ ಎಂದು ಸರ್ಕಾರ ಲೆಕ್ಕ ಕೊಟ್ಟಿತು. ವಿಶ್ವವಿದ್ಯಾಲಯವೊಂದರ ತಜ್ಞರು ನಂತರದ ತಿಂಗಳುಗಳ ಮರಣಗಳನ್ನು ಪರಿಶೀಲಿಸಿದ ಮೇಲೆ, ೨೦೧೮ರಲ್ಲಿ, ಅದೇ ಸರ್ಕಾರ ಆ ಸಂಖ್ಯೆಯನ್ನು ೨,೯೭೫ ಎಂದು ತಿದ್ದಿತು. ತಿಂಗಳುಗಟ್ಟಲೆ ವಿದ್ಯುತ್ತಿಲ್ಲದ ದ್ವೀಪದಲ್ಲಿ, ರಸ್ತೆಗಳು ಕಡಿದುಹೋಗಿ ಚಿಕಿತ್ಸೆ ನಿಂತುಹೋದ ಊರುಗಳಲ್ಲಿ, ವೃದ್ಧರೂ ಬಡವರೂ ಒಬ್ಬೊಬ್ಬರಾಗಿ ಸದ್ದಿಲ್ಲದೆ ಸತ್ತಿದ್ದರು. ಗಾಳಿ ಅರವತ್ತನಾಲ್ಕು ಜನರನ್ನು ಕೊಂದಿತೆಂದು ಲೋಕ ತಿಳಿದಿದ್ದಾಗ, ಗಾಳಿ ನಿಂತ ಮೇಲಿನ ಮೌನ ಸಾವಿರಗಳನ್ನು ಕೊಂದಿತ್ತು.

ಚೆನ್ನೈ, ಮುಂಬಯಿಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ದೂರದ ಕಥೆಯಲ್ಲ. ಐವತ್ತು ವರ್ಷಗಳ ಹಿಂದೆ ಬ್ಯಾಂಕು, ರೈಲ್ವೆ, ಹೋಟೆಲು ಎಂದು ಬಂದವರು ಇಂದು ನಿವೃತ್ತರು. ಮಕ್ಕಳು ಬೆಂಗಳೂರಿನಲ್ಲಿಯೋ ಅಮೆರಿಕದಲ್ಲಿಯೋ ಇರುತ್ತಾರೆ. ಮೂರನೆಯ ಅಂತಸ್ತಿನ ಮನೆಯಲ್ಲಿ ದಂಪತಿಗಳಿಬ್ಬರೇ; ಎಷ್ಟೋ ಕಡೆ ಒಬ್ಬರೇ. ವಿದ್ಯುತ್ ಹೋದರೆ ಲಿಫ್ಟ್ ನಿಲ್ಲುತ್ತದೆ, ಪಂಪು ನಿಂತು ಮೇಲಿನ ತೊಟ್ಟಿಗೆ ನೀರು ಏರುವುದಿಲ್ಲ, ಮೊಬೈಲು ಸಾಯುತ್ತದೆ. ದೂರದ ಮಗ ಕರೆ ಮಾಡಿ ಮಾಡಿ ಸೋತು, ಗೊತ್ತಿದ್ದವರಿಗೆಲ್ಲ ಸಂದೇಶ ಕಳಿಸುತ್ತಾನೆ. ಆಗ ಹೋಗಿ ಬಾಗಿಲು ತಟ್ಟುವವರು ಯಾರು ಎಂಬುದೇ ಪ್ರಶ್ನೆ.

ತಟ್ಟಿದ ಮೇಲೆ ಕೇಳುವುದೇನು ಎಂಬುದು ಇನ್ನೂ ದೊಡ್ಡ ಪ್ರಶ್ನೆ. “ಹೇಗಿದ್ದೀರಿ ರಾಯರೆ?” ಎಂದು ಕೇಳಿದರೆ, “ಎಲ್ಲ ಕ್ಷೇಮ. ಈ ಕೊಚ್ಚೆಯಲ್ಲಿ ನೀವೇಕೆ ಬರಲು ಹೋದಿರಿ?” ಎಂಬ ಉತ್ತರವೇ ಬರುತ್ತದೆ. ಅನ್ಯರಿಗೆ ತೊಂದರೆ ಕೊಡಬಾರದೆಂಬುದು ಹಳೆಯ ತಲೆಮಾರಿನವರ ರಕ್ತಗತ ಸಂಸ್ಕಾರ. ಅನ್ನ ಬೇಯಿಸಲು ನೀರಿಲ್ಲದಿದ್ದರೂ ಬಂದವರಿಗೆ ಕಾಫಿ ಮಾಡಲು ಏಳುವ ಗೃಹಿಣಿಯರಿದ್ದಾರೆ. ಆದುದರಿಂದ ಕುಶಲಪ್ರಶ್ನೆಗೆ ಬದಲು ಲೆಕ್ಕದ ಪ್ರಶ್ನೆ ಕೇಳುವುದು ಮೇಲು. ಬಿ.ಪಿ. ಮಾತ್ರೆ ಇನ್ನು ಎಷ್ಟು ದಿನಕ್ಕಿದೆ? ಇವತ್ತು ಬೆಳಿಗ್ಗೆ ಏನು ಊಟವಾಯಿತು? ಕುಡಿಯುವ ನೀರು ಎಷ್ಟು ಬಿಂದಿಗೆ ಉಳಿದಿದೆ? ರಾತ್ರಿ ನಿದ್ರೆ ಬಂತೇ? ಇವಕ್ಕೆ ‘ಎಲ್ಲ ಕ್ಷೇಮ’ ಎಂಬ ಉತ್ತರ ಹೊಂದುವುದಿಲ್ಲ. ಸಾಧ್ಯವಾದರೆ ಒಳಗೆ ಬಂದು ಕುಳಿತು, ಅಡಿಗೆಮನೆಯತ್ತ ಒಮ್ಮೆ ಕಣ್ಣು ಹಾಯಿಸಬೇಕು. ಮಾತು ತೊದಲುತ್ತಿದೆಯೇ, ಹೊತ್ತು ದಿನಗಳ ಗೊಂದಲವಿದೆಯೇ ಎಂಬುದನ್ನು ಗಮನಿಸಬೇಕು. ವಯಸ್ಸಾದವರಲ್ಲಿ ಅದು ಬರಿಯ ಆಯಾಸವಾಗಿರದೆ ನಿರ್ಜಲತೆಯ, ಸಕ್ಕರೆ ಇಳಿದುದರ ಅಥವಾ ಪಾರ್ಶ್ವವಾಯುವಿನ ಲಕ್ಷಣವಾಗಿರಬಹುದು.

ಮಧುಮೇಹಿಗಳ ಮನೆಯಲ್ಲಿ ಮೊದಲ ಆತಂಕ ಇನ್ಸುಲಿನ್ನಿನದು. ಫ್ರಿಜ್ ನಿಂತಿತೆಂದು ಅದನ್ನು ಎಸೆಯಬೇಕಾಗಿಲ್ಲ. ಬಳಕೆಯಲ್ಲಿರುವ ಇನ್ಸುಲಿನ್ ಸಾಮಾನ್ಯವಾಗಿ ಮೂವತ್ತು ಡಿಗ್ರಿ ಮೀರದ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಪೊಟ್ಟಣದ ಮೇಲಿನ ಸೂಚನೆಯನ್ನು ನೋಡಿಕೊಳ್ಳಬೇಕು. ಮಣ್ಣಿನ ಮಡಕೆಯಲ್ಲಿ ಒದ್ದೆ ಮರಳು ತುಂಬಿ, ಅದರ ನಡುವೆ ಮುಚ್ಚಿದ ಡಬ್ಬಿಯಲ್ಲಿ ಇಟ್ಟರೆ ಸಾಕು. ಮಂಜುಗಡ್ಡೆಗೆ ನೇರವಾಗಿ ತಾಗಿಸಿ ಹೆಪ್ಪುಗಟ್ಟಿಸಿದರೆ ಮಾತ್ರ ಅದು ಕೆಲಸಕ್ಕೆ ಬಾರದು. ಊಟ ತಪ್ಪಿದ ದಿನವೂ ಎಂದಿನ ಪ್ರಮಾಣ ಚುಚ್ಚಿಕೊಂಡು ಮೂರ್ಛೆ ಹೋಗುವವರಿದ್ದಾರೆ; ಪ್ರಮಾಣದ ವಿಷಯವನ್ನು ವೈದ್ಯರೊಡನೆ ಮುಂಚೆಯೇ ಮಾತಾಡಿಟ್ಟುಕೊಂಡಿರಬೇಕು.

ಮೂತ್ರಪಿಂಡದ ರೋಗಿಗಳ ಸ್ಥಿತಿ ಇನ್ನೂ ಸೂಕ್ಷ್ಮ. ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್ ಆಗಲೇಬೇಕಾದವರಿಗೆ ನೀರು ತುಂಬಿದ ರಸ್ತೆ ಎಂದರೆ ಜೀವದ ಪ್ರಶ್ನೆ. ಚಂಡಮಾರುತದ ಮುನ್ಸೂಚನೆ ಬಂದೊಡನೆ, ಸಾಧ್ಯವಿದ್ದರೆ, ಸರದಿಯನ್ನು ಒಂದು ದಿನ ಮುಂಚಿತವಾಗಿ ಮಾಡಿಸಿಕೊಳ್ಳುವುದು ಜಾಣತನ. ಕಾಣಲು ಬರುವವರು ಪ್ರೀತಿಯಿಂದ ಎಳನೀರು, ಬಾಳೆಹಣ್ಣು ತರುತ್ತಾರೆ. ಪೊಟ್ಯಾಸಿಯಮ್ ತುಂಬಿದ ಅವೇ ಇಂಥ ರೋಗಿಗಳಿಗೆ ವಿಷಪ್ರಾಯ. ಹಣ್ಣು ಒಯ್ಯುವ ಮುನ್ನ ಕೇಳುವುದರಲ್ಲಿ ಅಗೌರವವೇನಿಲ್ಲ. ಮನೆಯಲ್ಲಿ ಆಮ್ಲಜನಕದ ಯಂತ್ರವಿಟ್ಟುಕೊಂಡವರ ವಿಷಯದಲ್ಲಿ ಮರುದಿನದವರೆಗೆ ಕಾಯುವಂತೆಯೇ ಇಲ್ಲ. ಬದಲಿ ಸಿಲಿಂಡರ್ ಗಾಳಿಗೆ ಮುಂಚೆಯೇ ಮನೆ ಸೇರಿರಬೇಕು.

ವಿದ್ಯುತ್ತಿನ ಬಗೆಗೆ ಎಷ್ಟು ಎಚ್ಚರಿಸಿದರೂ ಕಡಿಮೆಯೇ. ನೀರು ಒಳಬರುವ ಮುನ್ನವೇ ಮೇನ್ ಸ್ವಿಚ್ ಆರಿಸುವವರು ಇನ್ವರ್ಟರನ್ನು ಮರೆಯುತ್ತಾರೆ. ಅದು ನೆಲದ ಮೇಲೆ ಕುಳಿತು ಮನೆಯ ತಂತಿಗಳಿಗೆ ವಿದ್ಯುತ್ ಹರಿಸುತ್ತಲೇ ಇರುತ್ತದೆ. ಬೀದಿಯಲ್ಲಿ ನಿಂತ ನೀರಿನಲ್ಲಿ ಕಡಿದುಬಿದ್ದ ತಂತಿ ಕಾಣುವುದಿಲ್ಲ. ಸ್ನೇಹಿತರ ಕ್ಷೇಮ ವಿಚಾರಿಸಲು ಹೊರಟವರೇ ಅಪಘಾತಕ್ಕೀಡಾಗಬಾರದಲ್ಲ. ಕತ್ತಲಲ್ಲಿ ಹೊರಡದೆ ಬೆಳಕು ಹರಿದ ಮೇಲೆ, ಇಬ್ಬರು ಜೊತೆಯಾಗಿ, ಕೋಲು ಹಿಡಿದು ನೆಲ ತಡವಿಕೊಂಡು ಹೋಗುವುದು ಲೇಸು. ಜನರೇಟರನ್ನು ಮುಚ್ಚಿದ ಕೋಣೆಯಲ್ಲಾಗಲಿ ಬಾಲ್ಕನಿಯಲ್ಲಾಗಲಿ ಓಡಿಸಕೂಡದು. ಅದರ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ನೀರಿನ ವಿಷಯ. ನೆಲದಡಿಯ ಸಂಪಿಗೆ ಚರಂಡಿಯ ನೀರು ಸೇರಿರುತ್ತದೆಂದೇ ಭಾವಿಸಿ ನಡೆದುಕೊಳ್ಳಬೇಕು. ಸಂಪನ್ನು ಬರಿದುಮಾಡಿ, ಬ್ಲೀಚಿಂಗ್ ಪುಡಿಯಿಂದ ತೊಳೆಯುವವರೆಗೆ ಕುಡಿಯುವ ನೀರನ್ನು ಹೊರಗಿನಿಂದಲೇ ತರಬೇಕು. ಅದನ್ನೂ ಕುದಿಸಬೇಕು, ಗುಳ್ಳೆಯೆದ್ದು ಮರಳಿದ ಮೇಲೆ ಒಂದು ನಿಮಿಷವಾದರೂ. ವಾಂತಿಭೇದಿಯಾದವರಿಗೆ ಅಂಗಡಿಯ ಓ.ಆರ್.ಎಸ್. ಸಿಗದಿದ್ದರೆ, ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕೊಡಬಹುದು. ಉಪ್ಪು ಹೆಚ್ಚಾಗಕೂಡದು.

ಒಂದೆರಡು ವಾರ ಕಳೆದ ಮೇಲೆ, ಎಲ್ಲರೂ ಗಾಳಿಯನ್ನು ಮರೆತ ಹೊತ್ತಿನಲ್ಲಿ, ಜ್ವರಗಳು ಬರುತ್ತವೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿ ನಡೆದವರಿಗೆ, ವಿಶೇಷವಾಗಿ ಕಾಲಿನಲ್ಲಿ ಗಾಯವಿದ್ದವರಿಗೆ, ಇಲಿಜ್ವರ ತಗಲಬಹುದು: ಚಳಿಜ್ವರ, ಮೀನಖಂಡಗಳಲ್ಲಿ ತೀವ್ರ ನೋವು, ಕೆಂಪಾದ ಕಣ್ಣು. ಬೇಗ ಗುರುತಿಸಿದರೆ ಸಾಮಾನ್ಯ ಔಷಧಗಳಿಂದಲೇ ಗುಣವಾಗುವ ರೋಗ. ತಡವಾದರೆ ಮೂತ್ರಪಿಂಡ, ಯಕೃತ್ತುಗಳನ್ನು ಹಿಡಿಯುತ್ತದೆ. ವೈದ್ಯರ ಬಳಿಗೆ ಹೋದಾಗ ‘ನೆರೆನೀರಿನಲ್ಲಿ ನಡೆದಿದ್ದೆ’ ಎಂದು ತಾವಾಗಿಯೇ ಹೇಳಬೇಕು. ತಾರಸಿಯ ಒಡೆದ ಕುಂಡದಲ್ಲಿ ನಿಂತ ಮಳೆನೀರಿನಲ್ಲಿ ಡೆಂಗ್ಯೂ ಸೊಳ್ಳೆ ವಾರ ಹತ್ತು ದಿನಗಳಲ್ಲಿ ಬೆಳೆದು ಹಾರುತ್ತದೆ. ಇಂಥ ಜ್ವರಕ್ಕೆ ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆಗಳನ್ನು ತಾವೇ ನುಂಗುವುದು ರಕ್ತಸ್ರಾವಕ್ಕೆ ದಾರಿ. ಹೀಗಾಗಿ ಮರುದಿನದ ಭೇಟಿಯೊಂದರಿಂದ ಕೆಲಸ ಮುಗಿಯುವುದಿಲ್ಲ. ಹತ್ತನೆಯ ದಿನಕ್ಕೆ ಇನ್ನೊಂದು ಭೇಟಿ ಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮಾಡುವವರು ವಿರಳ.

ನೆರೆಹೊರೆಯ ನಂಟು ಬರಿಯ ಸೌಜನ್ಯವಲ್ಲವೆಂಬುದಕ್ಕೆ ವಿದ್ವಾಂಸರ ಆಧಾರವೂ ಉಂಟು. ೧೯೯೫ರಲ್ಲಿ ಜಪಾನಿನ ಕೋಬೆ ನಗರ ಭೂಕಂಪದಿಂದ ಕುಸಿದಾಗ, ಅವಶೇಷಗಳಡಿಯಿಂದ ಬದುಕಿಬಂದವರಲ್ಲಿ ಹೆಚ್ಚಿನವರನ್ನು ಹೊರಗೆಳೆದವರು ಮನೆಯವರೂ ನೆರೆಯವರೂ. ಡ್ಯಾನಿಯಲ್ ಆಲ್ಡ್ರಿಚ್ ಎಂಬ ಅಮೆರಿಕದ ರಾಜ್ಯಶಾಸ್ತ್ರಜ್ಞರು ಕೋಬೆಯನ್ನೂ, ೨೦೦೪ರ ಸುನಾಮಿಗೆ ತುತ್ತಾದ ತಮಿಳುನಾಡಿನ ಹಳ್ಳಿಗಳನ್ನೂ ಅಧ್ಯಯನ ಮಾಡಿ ೨೦೧೨ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಜನರ ನಡುವೆ ಬಲವಾದ ಬಾಂಧವ್ಯವಿದ್ದ ಕಡೆ ಬದುಕು ಬೇಗ ಚೇತರಿಸಿತೆಂಬುದು ಅವರ ನಿಲುವು. ಆದರೆ ಅವರು ಕಂಡ ಇನ್ನೊಂದು ಮುಖ ಅಷ್ಟು ಹಿತಕರವಲ್ಲ. ಅದೇ ಬಲವಾದ ಬಾಂಧವ್ಯ ತನ್ನ ಹೊರಗಿನವರನ್ನು, ದಲಿತರನ್ನು, ವಿಧವೆಯರನ್ನು, ಪರಿಹಾರದ ಪಟ್ಟಿಯಿಂದ ದೂರವಿಟ್ಟದ್ದೂ ಉಂಟು.

ಭಾಷೆಯ ಹೆಸರಿನಲ್ಲಿ ಕೂಡಿದ ಸಂಘಗಳು ಈ ಮಾತನ್ನು ಮನಸ್ಸಿಗೆ ತಂದುಕೊಳ್ಳಬೇಕು. ಸದಸ್ಯರ ಪಟ್ಟಿ ಹಿಡಿದು ಹೊರಟವರ ಕಣ್ಣಿಗೆ ಚಂದಾ ಕಟ್ಟದ ಕನ್ನಡಿಗ ಬೀಳುವುದಿಲ್ಲ. ಹೋಟೆಲಿನ ಹಿಂಬದಿಯ ಕೋಣೆಯಲ್ಲಿ ಮಲಗುವ ಕುಂದಾಪುರದ ಹುಡುಗ, ಕಟ್ಟಡದ ಕೆಲಸಕ್ಕೆ ಬಂದ ರಾಯಚೂರಿನ ಸಂಸಾರ ಬೀಳುವುದಿಲ್ಲ. ಮೇಲಂತಸ್ತಿನ ಗೃಹಸ್ಥರು ಕ್ಷೇಮವಾಗಿರುವಾಗ ನೆಲಮಟ್ಟದ ಕೋಣೆಯ ಕಾವಲುಗಾರನ ಹಾಸಿಗೆ ತೇಲುತ್ತಿರುತ್ತದೆ. ಆತನ ಮಾತೃಭಾಷೆ ಯಾವುದೆಂದು ಅಂದು ವಿಚಾರಿಸಬೇಕಾಗಿಲ್ಲ. ೨೦೨೩ರ ಡಿಸೆಂಬರಿನಲ್ಲಿ ‘ಮಿಚಾಂಗ್’ ಚಂಡಮಾರುತದ ಮಳೆಗೆ ವೇಳಚೇರಿ, ಪಳ್ಳಿಕರಣೆಗಳು ಮುಳುಗಿದಾಗ ದೋಣಿಯಲ್ಲಿ ಬಂದು ಜನರನ್ನು ಕರೆದೊಯ್ದವರಲ್ಲಿ ಮೀನುಗಾರರೂ ಇದ್ದರು. ಅವರು ಯಾರ ಊರನ್ನೂ ಕೇಳಲಿಲ್ಲ.

ಪಟ್ಟಿಯೊಂದು ಬೇಕೇ ಬೇಕು, ಆದರೆ ಅದು ಮೊಬೈಲಿನಲ್ಲಿದ್ದರೆ ವ್ಯರ್ಥ; ಕಾಗದದ ಮೇಲಿರಬೇಕು. ಒಂಟಿಯಾಗಿರುವ ವೃದ್ಧರು, ನಿತ್ಯದ ಔಷಧವುಳ್ಳವರು, ಬಾಣಂತಿಯರು, ನಡೆಯಲಾರದವರು ಇವರ ಹೆಸರು, ಅಂತಸ್ತು, ಮಕ್ಕಳ ದೂರವಾಣಿ ಸಂಖ್ಯೆ, ಸೇವಿಸುವ ಮಾತ್ರೆಗಳ ಹೆಸರು ಅದರಲ್ಲಿರಲಿ. ಒಂದೊಂದು ಬೀದಿಯ ಐದಾರು ಮನೆಗಳಿಗೆ ಒಬ್ಬರು ಹೊಣೆಗಾರರಿರಲಿ. ಅವರ ಮನೆಯೇ ಮುಳುಗಿದರೆ ಇನ್ನೊಬ್ಬರು. ಇದನ್ನು ರಾಜ್ಯೋತ್ಸವದ ಸಭೆಯಲ್ಲಿ ಮಾಡೋಣವೆಂದರೆ ತಡವಾಗುತ್ತದೆ, ಏಕೆಂದರೆ ಪೂರ್ವ ಕರಾವಳಿಯಲ್ಲಿ ನವೆಂಬರ್ ಒಂದರ ವೇಳೆಗೆ ಚಂಡಮಾರುತದ ಕಾಲ ಮೊದಲಾಗಿರುತ್ತದೆ. ಗಣೇಶನ ಹಬ್ಬಕ್ಕೆ ಜನ ಕೂಡಿದಾಗಲೇ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿ ತುಂಬಿಸಿಕೊಳ್ಳುವುದು ಅನುಕೂಲ. ಅರಬ್ಬೀ ಸಮುದ್ರದ ಸುಳಿಗಳು ೨೦೨೦ರ ‘ನಿಸರ್ಗ’, ೨೦೨೧ರ ‘ತೌಕ್ತೆ’ಗಳಂತೆ ಮೇ ಜೂನ್ ತಿಂಗಳುಗಳಲ್ಲಿಯೂ ಏಳುವುದರಿಂದ, ಮುಂಬಯಿಯವರಿಗೆ ಯುಗಾದಿಯ ಸಭೆಯೇ ಸರಿಯಾದ ಸಮಯ.