ಬಸುರಿಯ ಗುಳಿಗೆ, ಅವ್ವನ ಅಗಸಿ ಹಿಂಡಿ

ನನ್ನ ತಂಗಿಗೆ ಈಗ ಏಳನೇ ತಿಂಗಳು. ಸುರಪುರದ ತವರಿಗೆ ಬಂದಿದ್ದಾಳೆ. ನಾನು ಫಾರ್ಮಸಿ ಓದಿದವಳು ನೋಡ್ರಿ, ಅದಕ್ಕೇ ಎಲ್ಲ ಪ್ರಶ್ನೆಗಳೂ ಯಾದಗಿರಿಗೆ, ನನ್ನ ವಾಟ್ಸಾಪ್‌ಗೇ ಬರುತ್ತವೆ. ಕಳೆದ ವಾರ ಎರಡು ಫೋಟೊ ಬಂದವು. ಒಂದು, ಸೊಂಟನೋವಿಗೆ ಅಂಗಡಿಯವರು ಚೀಟಿ ಕೇಳದೇ ಕೊಟ್ಟ ಗುಳಿಗೆ. ಇನ್ನೊಂದು, ಶಹಾಪುರದ ಗೆಳತಿ ಕೊಟ್ಟ ಮೀನೆಣ್ಣೆ ಡಬ್ಬಿ.

ಗುಳಿಗೆಯನ್ನು ಮೊದಲು ಬೇಡ ಅಂದೆ. ಕಾಂಬಿಫ್ಲಾಮ್‌ನಂಥ ಗುಳಿಗೆಯಲ್ಲಿ ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಕೂಡ ಇರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಔಷಧಿಗಳನ್ನು 20 ವಾರದ ನಂತರ ತಪ್ಪಿಸಿ ಎಂದು ಅಮೆರಿಕದ ಎಫ್‌ಡಿಎ 2020ರಲ್ಲೇ ಎಚ್ಚರಿಸಿದೆ. ಗರ್ಭದ ನೀರಿನ ಬಹುಪಾಲು ಮಗುವಿನ ಮೂತ್ರವೇ. ಈ ಔಷಧಿ ಮಗುವಿನ ಕಿಡ್ನಿ ಮೇಲೆ ಪರಿಣಾಮ ಮಾಡಿದರೆ ಆ ನೀರೇ ಕಡಿಮೆಯಾಗುತ್ತದೆ. ತಿಂಗಳು ತುಂಬುತ್ತ ಬಂದಂತೆ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ಹುಟ್ಟುವ ಮೊದಲೇ ಮುಚ್ಚಿಕೊಳ್ಳುವ ಭಯವೂ ಇದೆ. ಬಿಪಿ ತೊಂದರೆ ತಡೆಯಲು ವೈದ್ಯರೇ ಬರೆದುಕೊಟ್ಟ ಕಡಿಮೆ ಡೋಸಿನ ಆಸ್ಪಿರಿನ್ ಮಾತು ಬೇರೆ, ಅದನ್ನು ಬಿಡಬಾರದು. ಥೈರಾಯ್ಡ್, ಫಿಟ್ಸ್ ಗುಳಿಗೆಗಳನ್ನೂ ಹೆದರಿ ತಾವಾಗೇ ನಿಲ್ಲಿಸಬಾರದು. ಬದಲಿಸಬೇಕಿದ್ದರೆ ಡಾಕ್ಟರೇ ಬದಲಿಸುತ್ತಾರೆ.

ಮೀನೆಣ್ಣೆಯಲ್ಲಿ ಜನ ಎಡವೋದು ಹೆಸರಿನಲ್ಲಿ. ಕಾಡ್ ಲಿವರ್ ಆಯಿಲ್ ಅಂದರೆ ಮೀನಿನ ಪಿತ್ತಜನಕಾಂಗದ ಎಣ್ಣೆ. ಅದರಲ್ಲಿ ವಿಟಮಿನ್ ಎ ಹೆಚ್ಚು, ಬಸುರಿಯಲ್ಲಿ ಅದು ಅತಿಯಾದರೆ ಮಗುವಿನ ಅಂಗಗಳಿಗೇ ಕೇಡು. ಬೇಕಾಗಿರುವುದು ಮಗುವಿನ ಮೆದುಳು, ಕಣ್ಣಿಗೆ ಒದಗುವ ಡಿಎಚ್‌ಎ ಎಂಬ ಕೊಬ್ಬಿನಾಮ್ಲ. ದಿನಕ್ಕೆ ಕನಿಷ್ಠ 200 ಮಿಲಿಗ್ರಾಂ ಅಂತ ತಜ್ಞರ ಸಲಹೆ. 2018ರ ಕಾಕ್ರೇನ್ ವಿಮರ್ಶೆ 70 ಪ್ರಯೋಗಗಳನ್ನು ಒಟ್ಟಿಗೆ ನೋಡಿ, ಒಮೆಗಾ-3 ತೆಗೆದುಕೊಂಡವರಲ್ಲಿ ಅವಧಿಗೆ ಮುಂಚಿನ ಹೆರಿಗೆ ಕಡಿಮೆ ಎಂದಿತು.

"ನಮ್ಮ ಅಗಸಿ ಹಿಂಡ್ಯಾಗ ಇರಂಗಿಲ್ಲೇನು?" ಅಂತ ಅವ್ವನ ಪ್ರಶ್ನೆ. ಇದೆ, ಆದರೆ ಅದು ಎಎಲ್‌ಎ ಎಂಬ ಇನ್ನೊಂದು ಒಮೆಗಾ-3. ದೇಹ ಅದರಲ್ಲಿ ತುಂಬಾ ಸ್ವಲ್ಪವನ್ನಷ್ಟೇ ಡಿಎಚ್‌ಎ ಮಾಡಿಕೊಳ್ಳುತ್ತದೆ. ಜೋಳದ ರೊಟ್ಟಿ ಜೊತೆ ಹಿಂಡಿ ಖಂಡಿತ ತಿನ್ನಲಿ, ಅದನ್ನೇ ನಂಬಿ ಕೂರೋದು ಬೇಡ. ಮೀನು ತಿನ್ನುವವರು ವಾರಕ್ಕೆರಡು ಸಲ ಚೆನ್ನಾಗಿ ಬೇಯಿಸಿ ತಿನ್ನಬಹುದು. ಮಾತೃಪೂರ್ಣ ಯೋಜನೆಯ ಅಂಗನವಾಡಿ ಊಟದಲ್ಲಿ ಮೊಟ್ಟೆ ಸಿಗುತ್ತದೆ, ಅದರಲ್ಲೂ ಸ್ವಲ್ಪ ಡಿಎಚ್‌ಎ ಇದೆ. ಪೂರಾ ಸಸ್ಯಾಹಾರಿಗಳಿಗೆ ಪಾಚಿಯಿಂದ ತೆಗೆದ ಕ್ಯಾಪ್ಸೂಲ್ ಬಂದಿವೆ, ಡಾಕ್ಟರನ್ನು ಕೇಳಿ ಕೊಳ್ಳಿ.

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡ್ ಜೊತೆ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌, ಡಬ್ಬಿಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗು ಅಂದಿದ್ದೇನೆ. ಕಬ್ಬಿಣದ ಗುಳಿಗೆ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗೋದು ಬೇಡ, ನಡುವೆ ಎರಡು ತಾಸಾದರೂ ಇರಲಿ. ಚಹಾ ಅಂತೂ ಕಬ್ಬಿಣದ ಗುಳಿಗೆಯ ಹತ್ತಿರಕ್ಕೂ ಬರಬಾರದು.