ಕಿವಿಗೆ ಸರಿ, ವ್ಯಾಕರಣಕ್ಕೆ ತಪ್ಪು: ಇಂಗ್ಲಿಷ್ ದೋಷ ಪತ್ತೆಯ ಪ್ರಶ್ನೆಗಳು

ಸ್ಪರ್ಧಾತ್ಮಕ ಪರೀಕ್ಷೆಗಳ ಇಂಗ್ಲಿಷ್ ವಿಭಾಗದಲ್ಲಿ ಬರುವ ‘ಸ್ಪಾಟಿಂಗ್ ಎರರ್ಸ್’ ಪ್ರಶ್ನೆಯಲ್ಲಿ ಒಂದು ವಾಕ್ಯವನ್ನು ಮೂರು ನಾಲ್ಕು ತುಂಡು ಮಾಡಿ ಕೊಟ್ಟಿರುತ್ತಾರೆ. ತಪ್ಪು ಯಾವ ತುಂಡಿನಲ್ಲಿದೆ ಎಂದು ಗುರುತಿಸಿದರೆ ಸಾಕು, ತಿದ್ದಿ ಬರೆಯಬೇಕಾಗಿಲ್ಲ. ಕೆಲಸ ಇಷ್ಟೇ ಆದರೂ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕುಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಬ್ಯಾಂಕ್ ಅಥವಾ ಎಸ್‌ಎಸ್‌ಸಿ ಪರೀಕ್ಷೆಗೆ ಕೂರುವವರಿಗೆ ಈ ಪ್ರಶ್ನೆಗಳೆಂದರೆ ಅಳುಕು. ಆ ಅಳುಕಿನ ಹಿಂದೆ ಕೆಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ: ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಇಂಗ್ಲಿಷ್ ಬೇಕಿಲ್ಲ.

ಕೆಪಿಎಸ್‌ಸಿಯ ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳ ಮಟ್ಟಿಗೆ ಇದು ನಿಜ. ಅಲ್ಲಿ ಸಾಮಾನ್ಯ ಕನ್ನಡ ಅಥವಾ ಸಾಮಾನ್ಯ ಇಂಗ್ಲಿಷ್ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಬ್ಯಾಂಕ್ ಕ್ಲರ್ಕ್ ಪರೀಕ್ಷೆಯ ಪ್ರಶ್ನೆಗಳು ಕನ್ನಡದಲ್ಲಿ ಸಿಗುತ್ತವೆಯಾದರೂ ಇಂಗ್ಲಿಷ್ ವಿಭಾಗ ಇಂಗ್ಲಿಷಿನಲ್ಲೇ ಇರುತ್ತದೆ. ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದ 100 ಪ್ರಶ್ನೆಗಳಲ್ಲಿ 25 ಇಂಗ್ಲಿಷಿನವು, 200ರಲ್ಲಿ 50 ಅಂಕ.

ತಪ್ಪು ಕಲ್ಪನೆ: ಓದಿದಾಗ ಕಿವಿಗೆ ಸರಿ ಅನಿಸಿದರೆ ವಾಕ್ಯ ಸರಿ, ಇಂಗ್ಲಿಷ್ ಮಾತಾಡಬಲ್ಲವರಿಗೆ ಇದು ಸುಲಭ.

ಪ್ರಶ್ನೆ ತಯಾರಿಸುವವರು ತಪ್ಪನ್ನು ಅಡಗಿಸುವುದೇ ಕಿವಿಗೆ ಸರಿ ಎನಿಸುವ ಜಾಗದಲ್ಲಿ. ‘ಡಿಸ್ಕಸ್ ಅಬೌಟ್’, ‘ರಿಟರ್ನ್ ಬ್ಯಾಕ್’, ‘ಒನ್ ಆಫ್ ಮೈ ಫ್ರೆಂಡ್’ ಎಂದು ಪಟಪಟನೆ ಇಂಗ್ಲಿಷ್ ಆಡುವವರೂ ಹೇಳುತ್ತಾರೆ. ಮೂರೂ ಪರೀಕ್ಷೆಯಲ್ಲಿ ತಪ್ಪು. ಆಡಿ ರೂಢಿಯಾದ ಕಿವಿಗೆ ಇವು ತಪ್ಪೆಂದು ಕೇಳಿಸುವುದೇ ಇಲ್ಲ. ಆದ್ದರಿಂದ ಇಂಗ್ಲಿಷ್ ಮಾಧ್ಯಮದವರಿಗೆ ಇಲ್ಲಿ ದೊಡ್ಡ ಅನುಕೂಲವೇನೂ ಇಲ್ಲ.

ಉದಾಹರಣೆಗೆ, ‘ದ ಪ್ರೈಸ್ ಆಫ್ ಲೆಮನ್ಸ್ ಸೋಲ್ಡ್ ಇನ್ ಇಂಡಿ / ಹ್ಯಾವ್ ರಿಸನ್ / ದಿಸ್ ವೀಕ್’ ಎಂಬ ವಾಕ್ಯ. ಎರಡನೆಯ ತುಂಡಿನಲ್ಲಿ ‘ಹ್ಯಾಸ್’ ಇರಬೇಕಿತ್ತು, ಏರಿದ್ದು ಬೆಲೆ. ‘ಲೆಮನ್ಸ್’ ಎಂಬ ಬಹುವಚನ ನಡುವೆ ಬಂದು ಓದುಗರನ್ನು ದಾರಿ ತಪ್ಪಿಸುತ್ತದೆ. ಇದೇ ಮಾತನ್ನು ಕನ್ನಡದಲ್ಲಿ ಹೇಳುವಾಗ ಯಾರೂ ಎಡವುವುದಿಲ್ಲ: ‘ಇಂಡಿಯಲ್ಲಿ ಮಾರುವ ನಿಂಬೆಹಣ್ಣುಗಳ ಬೆಲೆ ಈ ವಾರ ಏರಿದೆ.’ ‘ಬೆಲೆ ಏರಿವೆ’ ಎನ್ನುವವರಿಲ್ಲ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲೇ ಬಂದುಬಿಡುವುದರಿಂದ ಮುಖ್ಯ ನಾಮಪದ ಕ್ರಿಯಾಪದದತ್ತ ಸರಿದು ನಿಲ್ಲುತ್ತದೆ. ಇಂಗ್ಲಿಷಿನಲ್ಲಿ ಮುಖ್ಯ ನಾಮಪದ ಮೊದಲು, ಅದರ ವಿವರಣೆ ಆಮೇಲೆ. ಕ್ರಿಯಾಪದ ಬರುವಷ್ಟರಲ್ಲಿ ಕರ್ತೃ ಮರೆತುಹೋಗಿರುತ್ತದೆ. ‘ಆಫ್’ನಿಂದ ಕ್ರಿಯಾಪದದವರೆಗಿನ ಭಾಗವನ್ನು ಪೆನ್ಸಿಲಿನಿಂದ ಹೊಡೆದುಹಾಕಿದರೆ ಉಳಿಯುವುದು ‘ದ ಪ್ರೈಸ್ ಹ್ಯಾವ್ ರಿಸನ್’. ಆಗ ತಪ್ಪು ಎದ್ದು ಕಾಣುತ್ತದೆ. ‘ಒನ್ ಆಫ್ ದ ಗೇಟ್ಸ್ ಆಫ್ ದ ಆಲಮಟ್ಟಿ ಡ್ಯಾಮ್ ಆರ್ ಓಪನ್’ ಎಂಬುದೂ ಇದೇ ಜಾತಿಯದು. ತೆರೆದಿರುವುದು ಒಂದೇ ಗೇಟು, ಹಾಗಾಗಿ ‘ಈಸ್’.

ಕನ್ನಡದ ಅರಿವು ಇಂಗ್ಲಿಷನ್ನು ಕೆಡಿಸುತ್ತದೆ ಎಂಬ ಮಾತೂ ಪೂರ್ತಿ ನಿಜವಲ್ಲ. ‘ರೈತನೂ ಮಕ್ಕಳೂ ದುಡಿಯುತ್ತಾರೆ’, ‘ಮಕ್ಕಳೊಂದಿಗೆ ರೈತ ದುಡಿಯುತ್ತಾನೆ’ ಎಂಬ ವ್ಯತ್ಯಾಸ ಗೊತ್ತಿದ್ದವರಿಗೆ ‘ಆ್ಯಂಡ್’ ಬಂದರೆ ಬಹುವಚನ, ‘ಅಲಾಂಗ್ ವಿತ್’ ಬಂದರೆ ಮೊದಲ ಕರ್ತೃವಿಗೆ ತಕ್ಕ ವಚನ ಎಂಬುದನ್ನು ಬೇರೆ ಕಲಿಸಬೇಕಿಲ್ಲ. ಕನ್ನಡ ಕೈಕೊಡುವುದು ಕಾಲದ ವಿಷಯದಲ್ಲಿ. ‘ಹತ್ತು ವರ್ಷದಿಂದ ಸಿಂದಗಿಯಲ್ಲಿದ್ದೇನೆ’ ಎಂಬ ವರ್ತಮಾನವನ್ನು ಹಾಗೆಯೇ ಸಾಗಿಸಿದರೆ ‘ಐ ಆ್ಯಮ್ ಲಿವಿಂಗ್ ಇನ್ ಸಿಂದಗಿ ಸಿನ್ಸ್ ಟೆನ್ ಇಯರ್ಸ್’ ಆಗುತ್ತದೆ. ಇದರಲ್ಲಿ ತಪ್ಪು ಎರಡು. ಅವಧಿ ಹೇಳುವಾಗ ‘ಫಾರ್’, ಆರಂಭದ ಹೊತ್ತು ಹೇಳುವಾಗ ‘ಸಿನ್ಸ್’. ಕ್ರಿಯಾಪದ ‘ಹ್ಯಾವ್ ಬೀನ್ ಲಿವಿಂಗ್’ ಆಗಬೇಕು.

ತಪ್ಪು ಕಲ್ಪನೆ: ಸ್ವರಾಕ್ಷರದಿಂದ ಶುರುವಾಗುವ ಪದದ ಹಿಂದೆಲ್ಲ ‘ಆ್ಯನ್’.

ಲೆಕ್ಕಕ್ಕೆ ಬರುವುದು ಉಚ್ಚಾರ. ಇಂಗ್ಲಿಷ್ ಕಾಗುಣಿತ ನೋಡಿದರೆ ಮೋಸ. ಪದವನ್ನು ಕನ್ನಡದಲ್ಲಿ ಬರೆದರೆ ಉತ್ತರ ತಾನೇ ಸಿಗುತ್ತದೆ: ಯೂನಿವರ್ಸಿಟಿಗೆ ‘ಎ’, ಅವರ್‌ಗೆ, ಎಂಎಲ್‌ಎಗೆ ‘ಆ್ಯನ್’. ಒಂದು ಎಚ್ಚರಿಕೆ: ನಾವು ‘ಒನ್’ ಎಂದು ಬರೆಯುವ ಪದದ ಉಚ್ಚಾರ ‘ವನ್’, ಅದಕ್ಕೆ ‘ಎ’. ಮೊಟ್ಟೆಯನ್ನು ‘ಯೆಗ್’ ಎನ್ನುವ ರೂಢಿ ನಮ್ಮಲ್ಲಿದ್ದರೂ ಅದಕ್ಕೆ ‘ಆ್ಯನ್’ ಸರಿ.

ತಪ್ಪು ಕಲ್ಪನೆ: ವ್ಯಾಕರಣದ ಪುಸ್ತಕ ಪೂರ್ತಿ ಬಾಯಿಪಾಠವಾಗಬೇಕು.

1935ರಲ್ಲಿ ಮೊದಲು ಪ್ರಕಟವಾದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಇಂದಿಗೂ ಒಳ್ಳೆಯ ಆಕರ. ಆದರೆ ಪರೀಕ್ಷೆ ಮತ್ತೆ ಮತ್ತೆ ಸುತ್ತುವುದು ಕೆಲವೇ ಜಾಗಗಳಲ್ಲಿ: ಕರ್ತೃ ಮತ್ತು ಕ್ರಿಯಾಪದ, ಕಾಲ, ಆರ್ಟಿಕಲ್, ಪ್ರಿಪೊಸಿಷನ್, ಸರ್ವನಾಮ, ಹೋಲಿಕೆ. ‘ಸೀನಿಯರ್ ದ್ಯಾನ್’ ತಪ್ಪು, ‘ಸೀನಿಯರ್ ಟು’ ಸರಿ ಎಂಬಂಥವು ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಹೇರಳವಾಗಿ ಸಿಗುತ್ತವೆ. ‘ಬಟ್’ನಿಂದ ವಾಕ್ಯ ಶುರುವಾಗಬಾರದು, ಪ್ರಿಪೊಸಿಷನ್‌ನಿಂದ ಮುಗಿಯಬಾರದು ಎಂಬ ಶಾಲೆಯ ಕಟ್ಟಪ್ಪಣೆಗಳು ವ್ಯಾಕರಣದ ನಿಯಮಗಳೇ ಅಲ್ಲ.

ತಪ್ಪು ಕಲ್ಪನೆ: ತಪ್ಪು ಹುಡುಕು ಎಂದ ಮೇಲೆ ತಪ್ಪು ಇದ್ದೇ ಇರುತ್ತದೆ.

‘ನೋ ಎರರ್’ ಎಂಬುದು ಅಲಂಕಾರಕ್ಕೆ ಕೊಟ್ಟ ಆಯ್ಕೆಯಲ್ಲ. ಸರಿಯಾದ ವಾಕ್ಯವನ್ನು ಅನುಮಾನದಿಂದ ಕೆದಕಿ ಅಂಕ ಕಳೆದುಕೊಳ್ಳುವವರು ಬಹಳ. ಸಿಜಿಎಲ್ ಮೊದಲ ಹಂತದಲ್ಲಿ ಸರಿ ಉತ್ತರಕ್ಕೆ 2 ಅಂಕ, ತಪ್ಪು ಉತ್ತರಕ್ಕೆ 0.50 ಕಡಿತ, ಬ್ಯಾಂಕ್ ಪರೀಕ್ಷೆಯಲ್ಲಿ ಪ್ರಶ್ನೆಯ ಅಂಕದ ಕಾಲು ಭಾಗ ಹೋಗುತ್ತದೆ. ಮೇಲಿನ ಜಾಗಗಳನ್ನೆಲ್ಲ ನೋಡಿದ ಮೇಲೂ ದೋಷ ಕಾಣದಿದ್ದರೆ ‘ನೋ ಎರರ್’ ಗುರುತಿಸಿ ಮುಂದಿನ ಪ್ರಶ್ನೆಗೆ ಹೋಗುವುದೇ ಸರಿ.