ಈ ಆಸೆ ಯಾರದ್ದು?

ನಾನು ಇಂಜಿನಿಯರಿಂಗ್ ಸೇರಿದಾಗ ಮೊದಲ ದಿನವೇ ಮ್ಯಾಥ್ಸ್ ಕ್ಲಾಸ್. ಈಗ ಹಾಗಲ್ಲ. ಎಐಸಿಟಿಇಯ 2018ರ ಮಾದರಿ ಪಠ್ಯಕ್ರಮದಲ್ಲಿ ಮೊದಲ 3 ವಾರ ಇಂಡಕ್ಷನ್‌ಗೇ ಮೀಸಲು: ಮೌಲ್ಯಗಳ ಚರ್ಚೆ, ಕಲೆ, ಆಟ. ‘ಟೈಮ್ ವೇಸ್ಟ್’ ಅಂದುಕೊಂಡೇ ಕಳೆದ ವರ್ಷ ಹಳೇ ವಿದ್ಯಾರ್ಥಿಯಾಗಿ ಮಾತಾಡಲು ಹೋದೆ.

“ನಿಮ್ಮ 10 ಆಸೆ ಬರೀರಿ” ಅಂದೆ. ಐದೇ ನಿಮಿಷದಲ್ಲಿ ಬರೆದರು. “ಒಂದೊಂದರ ಮುಂದೂ ಅದು ಯಾರ ಆಸೆ ಅಂತ ಬರೀರಿ” ಅಂದಾಗ ಪೆನ್ನುಗಳು ನಿಂತವು.

ಮಲೆನಾಡಿನ ಒಬ್ಬ ಹುಡುಗ ಹಾಳೆ ತೋರಿಸಿದ. ಏಳು ಅಪ್ಪನದು, ಎರಡು ಫ್ರೆಂಡ್ಸ್‌ದು. ಅವನದೇ ಅಂತ ಇದ್ದದ್ದು ಒಂದು: ಅಡಿಕೆ ಸುಲಿಯುವಾಗ ಅಮ್ಮನ ಕೈಗೆ ಗಾಯ ಮಾಡದ ಮೆಟ್ಟುಗತ್ತಿ.

“ಸರ್, ಇದು ಸಿಲಬಸ್‌ನಲ್ಲಿ ಇಲ್ವಲ್ಲ?”

“ಇಲ್ಲ. ಆದ್ರೆ ಶುರು ಮಾಡೋದು ಇಲ್ಲಿಂದಲೇ” ಅಂದೆ.

ಹೊಸ ಐಡಿಯಾ ಹುಟ್ಟೋದು ನಮಗೆ ನಿಜಕ್ಕೂ ಬೇಕಾದದ್ದು ಗೊತ್ತಾದಾಗ. ಆ ರಾತ್ರಿ ನಾನೂ ಪಟ್ಟಿ ಮಾಡಿದೆ. ಹತ್ತರಲ್ಲಿ ನನ್ನವು ಮೂರೇ. ನಿಮ್ಮವು ಎಷ್ಟು?